ಲೂಯಿಸ್ ಸ್ಕೋಲಾ ನಿಜಕ್ಕೂ ಅಷ್ಟು ದೊಡ್ಡ ಆಟಗಾರನಾ?

ಬೇಸ್‌ಲೈನ್_ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಟೋಕಿಯೊ ಒಲಿಂಪಿಕ್ಸ್‌ನ ಒಂದು ಕ್ಲಿಪ್ ಕಣ್ಣಿಗೆ ಬಿತ್ತು. ಬಾಸ್ಕೆಟ್‌ಬಾಲ್ ಕ್ವಾರ್ಟರ್ ಫೈನಲ್, ಅರ್ಜೆಂಟೀನಾ ಮತ್ತು ಆಸ್ಟ್ರೇಲಿಯಾ. ಅರ್ಜೆಂಟೀನಾ ಹೀನಾಯವಾಗಿ ಸೋಲುತ್ತಿದೆ, ಕೊನೆಗೆ ಸ್ಕೋರ್ 97-59. ಇನ್ನೊಂದು ನಿಮಿಷವೂ ಉಳಿದಿಲ್ಲ ಅನ್ನುವಾಗ ಕೋಚ್ ನಂಬರ್ 4 ಆಟಗಾರನನ್ನು ಹೊರಗೆ ಕರೆಯುತ್ತಾರೆ. ಅಷ್ಟೇ, ಆಟ ಅಲ್ಲೇ ನಿಂತುಹೋಗುತ್ತದೆ. ಎರಡೂ ತಂಡದವರು, ಬೆಂಚಿನಲ್ಲಿದ್ದವರು, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಕೋವಿಡ್ ಕಾಲ, ಸ್ಟೇಡಿಯಂನಲ್ಲಿ ಪ್ರೇಕ್ಷಕರೇ ಇಲ್ಲ. ಆದರೂ ಚಪ್ಪಾಳೆ ನಿಲ್ಲುವುದಿಲ್ಲ. ಆ ಮನುಷ್ಯ ಕಣ್ಣು ಒರೆಸಿಕೊಳ್ಳುತ್ತಾನೆ.

ಅದು ಲೂಯಿಸ್ ಸ್ಕೋಲಾ ಅಂತ ಆಮೇಲೆ ಗೊತ್ತಾಯಿತು. ನಾನು ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ನೋಡಲು ಶುರು ಮಾಡಿದ್ದು ಈಚೆಗೆ. ಹುಡುಕಿ ನೋಡಿದರೆ ಎನ್‌ಬಿಎಯಲ್ಲಿ ಸರಾಸರಿ 12 ಪಾಯಿಂಟ್, ಒಂದೂ ಚಾಂಪಿಯನ್‌ಶಿಪ್ ಇಲ್ಲ, ಒಂದು ಸಲವೂ ಆಲ್‌ಸ್ಟಾರ್ (ವರ್ಷದ ತಾರಾ ಪಂದ್ಯಕ್ಕೆ ಆಯ್ಕೆ) ಆಗಿಲ್ಲ. ಅಮೆರಿಕಕ್ಕೆ ಬಂದಿದ್ದೇ 27ನೇ ವಯಸ್ಸಿಗೆ. ಐದು ತಂಡ ಸುತ್ತಿದ್ದಾನೆ. ಮತ್ತೆ ಎದುರಾಳಿಗಳೂ ಎದ್ದು ನಿಲ್ಲುವಷ್ಟು ಗೌರವ ಎಲ್ಲಿಂದ ಬಂತು? ಅರ್ಜೆಂಟೀನಾ ಅಂದರೆ ನನಗೆ ಗೊತ್ತಿದ್ದದ್ದು ಜಿನೋಬಿಲಿ ಒಬ್ಬನೇ. ಗೊತ್ತಿರುವವರು ಸ್ವಲ್ಪ ವಿವರವಾಗಿ ಹೇಳಿ.

ಹಳೇ_ಸೆಂಟರ್ ಬರೆದದ್ದು:

ಒಳ್ಳೆ ಪ್ರಶ್ನೆ. ಎನ್‌ಬಿಎ ಅಂಕಿಅಂಶದ ಪುಟ ಒಂದನ್ನೇ ಇಟ್ಟುಕೊಂಡರೆ ಸ್ಕೋಲಾ ಅರ್ಧವೂ ಸಿಗುವುದಿಲ್ಲ. ಅಲ್ಲಿಗೆ ಬರುವ ಮೊದಲೇ ಅವರು ಯುರೋಪಿನ ಅತ್ಯುತ್ತಮ ಪವರ್ ಫಾರ್ವರ್ಡ್‌ಗಳಲ್ಲಿ (ಬಾಸ್ಕೆಟ್ ಹತ್ತಿರ ಆಡುವ ದೊಡ್ಡ ಆಟಗಾರರು) ಒಬ್ಬರಾಗಿದ್ದರು.

ಮೊದಲಿನಿಂದ ಹೇಳುತ್ತೇನೆ. ಹುಟ್ಟಿದ್ದು 1980ರ ಏಪ್ರಿಲ್ 30, ಬ್ಯೂನಸ್ ಐರಿಸ್‌ನಲ್ಲಿ. ಆಟ ಕಲಿತದ್ದು ಅದೇ ಊರಿನ ಫೆರ್ರೊ ಕಾರಿಲ್ ಓಯೆಸ್ತೆ ಕ್ಲಬ್‌ನಲ್ಲಿ. ಈ ಕ್ಲಬ್ ಹೆಸರು ನೆನಪಿಟ್ಟುಕೊಳ್ಳಿ. ಅರ್ಜೆಂಟೀನಾದ ವೃತ್ತಿಪರ ಲೀಗ್, ಅಂದರೆ ಲೀಗಾ ನಾಸಿಯೋನಲ್, 1985ರಲ್ಲಿ ಶುರುವಾಯಿತು. ಅದಕ್ಕಾಗಿ ವರ್ಷಗಟ್ಟಲೆ ಬಡಿದಾಡಿದವರು ಲೆಯೋನ್ ನಖ್ನುದೆಲ್ ಎಂಬ ಕೋಚ್. ಅಲ್ಲಿಯವರೆಗೆ ಒಳ್ಳೆ ಆಟವೆಲ್ಲ ರಾಜಧಾನಿಯಲ್ಲೇ ಗುಂಪುಗೂಡಿತ್ತು. ಲೀಗ್ ಬಂದ ಮೇಲೆ ಕೊರ್ದೊಬಾ, ಬಹಿಯಾ ಬ್ಲಾಂಕಾದಂಥ ಊರುಗಳ ಹುಡುಗರಿಗೂ ವಾರವಾರ ದೊಡ್ಡ ಮಟ್ಟದ ಪಂದ್ಯ ಸಿಗತೊಡಗಿತು. ಮೊದಲ ವರ್ಷವೇ ಚಾಂಪಿಯನ್ ಆದದ್ದು ಫೆರ್ರೊ. ಜಿನೋಬಿಲಿ, ನೊಸಿಯೋನಿ, ಒಬೆರ್ಟೊ, ಪೆಪೆ ಸಾಂಚೆಸ್, ಸ್ಕೋಲಾ ಎಲ್ಲರೂ ಆ ಲೀಗ್ ನೋಡುತ್ತಾ ಬೆಳೆದ ಮಕ್ಕಳು. ಒಂದೇ ಕಾಲಕ್ಕೆ ಇಷ್ಟು ಜನ ಬಂದದ್ದು ಸುಮ್ನೆ ಅದೃಷ್ಟ ಅಲ್ಲ.

1998ರಲ್ಲಿ, 18 ವರ್ಷಕ್ಕೇ, ಸ್ಕೋಲಾ ಸ್ಪೇನ್‌ಗೆ ಹೋದರು. ವಿಟೋರಿಯಾ ನಗರದ ಟೌ ಸೆರಾಮಿಕಾ ಕ್ಲಬ್ ಕರೆಸಿಕೊಂಡಿತು, ಮೊದಲು ಹಿಹೋನ್ ತಂಡಕ್ಕೆ ಸಾಲವಾಗಿ ಕಳಿಸಿತು. 2000ದಿಂದ 2007ರವರೆಗೆ ಟೌನಲ್ಲೇ. 2002ರಲ್ಲಿ ಸ್ಪ್ಯಾನಿಷ್ ಲೀಗ್ ಮತ್ತು ಕಿಂಗ್ಸ್ ಕಪ್ ಎರಡನ್ನೂ ಗೆದ್ದರು. 2005 ಮತ್ತು 2007ರಲ್ಲಿ ಲೀಗ್‌ನ ಎಂವಿಪಿ, ಅಂದರೆ ಅತ್ಯುತ್ತಮ ಆಟಗಾರ. ಎನ್‌ಬಿಎ ಬಿಟ್ಟರೆ ಜಗತ್ತಿನ ಅತಿ ಕಠಿಣ ದೇಶೀಯ ಲೀಗ್‌ನಲ್ಲಿ ಎರಡು ಸಲ ಎಂವಿಪಿ ಆಗುವುದು ಸಣ್ಣ ಮಾತಲ್ಲ.

2001ರ ಯುರೋಲೀಗ್ (ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ) ಫೈನಲ್ ಐದು ಪಂದ್ಯಗಳ ಸರಣಿ. ಒಂದು ಕಡೆ ಟೌನಲ್ಲಿ ಸ್ಕೋಲಾ ಮತ್ತು ಒಬೆರ್ಟೊ, ಇನ್ನೊಂದು ಕಡೆ ಕಿಂಡರ್ ಬೊಲೋನ್ಯಾದಲ್ಲಿ ಜಿನೋಬಿಲಿ. ಬೊಲೋನ್ಯಾ 3-2ರಲ್ಲಿ ಗೆದ್ದಿತು. 2005ರಲ್ಲಿ ಮತ್ತೆ ಫೈನಲ್, ಈ ಸಲ ಮಕ್ಕಾಬಿ ಟೆಲ್ ಅವೀವ್ ಎದುರು ಸೋಲು. ಯುರೋಲೀಗ್ ಕಪ್ ಸ್ಕೋಲಾ ಕೈಗೆ ಬರಲೇ ಇಲ್ಲ. ನನಗೆ ಅವರ ವೃತ್ತಿಜೀವನದಲ್ಲಿ ನಿಜವಾಗಿ ನೋವು ಕೊಡುವ ಸಂಗತಿ ಅದು. ಎನ್‌ಬಿಎ ಉಂಗುರ (ಚಾಂಪಿಯನ್‌ಗಳಿಗೆ ಕೊಡುವುದು) ಅಲ್ಲ.

ಇನ್ನು 27ನೇ ವಯಸ್ಸಿನ ವಿಷಯ. ಸ್ಯಾನ್ ಆಂಟೋನಿಯೊ ಸ್ಪರ್ಸ್ ಅವರನ್ನು 2002ರ ಡ್ರಾಫ್ಟ್‌ನಲ್ಲಿ (ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ವ್ಯವಸ್ಥೆ) 56ನೆಯವರಾಗಿ ಆರಿಸಿತ್ತು. ಜಿನೋಬಿಲಿಯನ್ನು 1999ರಲ್ಲಿ 57ನೇ ಜಾಗದಲ್ಲಿ ತೆಗೆದುಕೊಂಡದ್ದೂ ಇದೇ ತಂಡ. (ನಮ್ಮ ಸತ್ನಾಮ್ ಸಿಂಗ್ 2015ರಲ್ಲಿ ಡಲ್ಲಾಸ್‌ಗೆ ಆಯ್ಕೆಯಾದದ್ದು 52ನೇ ಜಾಗದಲ್ಲಿ. ಈ ಹಂತದಲ್ಲಿ ಆಯ್ಕೆಯಾದವರಲ್ಲಿ ಹೆಚ್ಚಿನವರು ಎನ್‌ಬಿಎ ಅಂಗಳಕ್ಕೆ ಇಳಿಯುವುದೇ ಇಲ್ಲ.) ಆದರೆ ಟೌ ಜೊತೆಗಿನ ಒಪ್ಪಂದ ಮುರಿಯಬೇಕಾದರೆ ದೊಡ್ಡ ಮೊತ್ತ ಕಟ್ಟಬೇಕಿತ್ತು. ಎನ್‌ಬಿಎ ತಂಡ ತನ್ನ ಕಿಸೆಯಿಂದ ಅದಕ್ಕೆ ಎಷ್ಟು ಕೊಡಬಹುದು ಅನ್ನುವುದಕ್ಕೆ ಮಿತಿ ಇದೆ, ಉಳಿದದ್ದು ಆಟಗಾರನ ತಲೆ ಮೇಲೆ. ಹೀಗೆ ವರ್ಷಗಳು ಹೋದವು. 2007ರಲ್ಲಿ ಸ್ಪರ್ಸ್ ಅವರ ಹಕ್ಕನ್ನು ಅದೇ ಟೆಕ್ಸಾಸ್‌ನ ಹ್ಯೂಸ್ಟನ್ ರಾಕೆಟ್ಸ್‌ಗೆ ಬಿಟ್ಟುಕೊಟ್ಟಿತು. ಸ್ಪರ್ಸ್‌ನ ದೊಡ್ಡ ತಾರೆ ಡಂಕನ್ ಪಕ್ಕದಲ್ಲಿ ಸ್ಕೋಲಾ, ಹೊರಗಿನಿಂದ ಜಿನೋಬಿಲಿ... ಆ ತಂಡವನ್ನು ನೋಡುವ ಭಾಗ್ಯ ನಮಗೆ ಸಿಗಲಿಲ್ಲ. ತಡವಾಗಿ ಬಂದದ್ದು ಕಾಗದಪತ್ರದ ಕಾರಣಕ್ಕೆ, ಆಟ ಸಾಲದೆ ಅಲ್ಲ.

ಕೋಚ್_ಮಾಮ ಬರೆದದ್ದು:

ನಾನು ಶಾಲಾ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಎತ್ತರ ಇದೆ ಆದರೆ ಜಿಗಿತ ಇಲ್ಲ, ವೇಗ ಇಲ್ಲ ಅನ್ನುವ ಮಕ್ಕಳು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ಅವರಿಗೆ ನಾನು ತೋರಿಸುವುದು ಸ್ಕೋಲಾ ವಿಡಿಯೊಗಳನ್ನೇ.

ಎತ್ತರ ಸುಮಾರು 2.06 ಮೀಟರ್. ಎನ್‌ಬಿಎ ಲೆಕ್ಕದಲ್ಲಿ ಅದು ಆ ಜಾಗಕ್ಕೆ ಸಾಧಾರಣ. ಮೇಲಕ್ಕೆ ಹಾರಿ ಡಂಕ್ ಮಾಡುವ ಆಟಗಾರ ಅಲ್ಲವೇ ಅಲ್ಲ. ಆದರೆ ಆ ಕಾಲುಗಳನ್ನು ನೋಡಿ. ಎಡಗಡೆ ಲೋ ಪೋಸ್ಟ್‌ನಲ್ಲಿ (ಬಾಸ್ಕೆಟ್ ಹತ್ತಿರದ ಜಾಗ) ಬೆನ್ನು ಬಾಸ್ಕೆಟ್ ಕಡೆ ಮಾಡಿ ಚೆಂಡು ಹಿಡಿಯುತ್ತಾನೆ. ಹಿಡಿದ ತಕ್ಷಣ ಏನೂ ಮಾಡುವುದಿಲ್ಲ. ಡಿಫೆಂಡರ್ ಎದೆ ತನ್ನ ಯಾವ ಭುಜಕ್ಕೆ ಒತ್ತುತ್ತಿದೆ ಅಂತ ಬೆನ್ನಿನಲ್ಲೇ ಓದಿಕೊಳ್ಳುತ್ತಾನೆ. ಒಂದು ಡ್ರಿಬಲ್ ಒಳಕ್ಕೆ, ಒಂದು ಭುಜದ ಅಲುಗಾಟ, ತಿರುಗಿ ಶಾಟ್ ತೆಗೆಯುವ ಹಾಗೆ ಚೆಂಡು ಹಣೆಯವರೆಗೆ ಎತ್ತುತ್ತಾನೆ. ಡಿಫೆಂಡರ್ ಕಾಲು ನೆಲ ಬಿಟ್ಟಿತು. ಸ್ಕೋಲಾನ ಪಿವಟ್ ಕಾಲು (ನೆಲಕ್ಕೆ ಊರಿದ ಕಾಲು) ಮಾತ್ರ ಕದಲಿಲ್ಲ. ಇನ್ನೊಂದು ಕಾಲು ಡಿಫೆಂಡರ್ ತೋಳಿನ ಕೆಳಗಿಂದ ಒಳಗೆ ದಾಟುತ್ತದೆ, ಚೆಂಡು ಬೋರ್ಡಿಗೆ ಮೆಲ್ಲಗೆ ತಾಗಿ ಒಳಗೆ. ಇದನ್ನೇ ಅಪ್ ಅಂಡ್ ಅಂಡರ್ ಅನ್ನುವುದು. ಡಿಫೆಂಡರ್ ಹಾರದೇ ಇದ್ದರೆ? ಆಗ ಅದೇ ಎತ್ತಿದ ಚೆಂಡನ್ನು ನಿಜವಾಗಿಯೇ ಶಾಟ್ ಮಾಡಿಬಿಡುತ್ತಾನೆ. ಅದಕ್ಕೂ ಬಗ್ಗದವನು ಸಿಕ್ಕಿದರೆ ಹುಕ್ ಇದೆ. ಎದುರಿಗಿರುವವನು ಯಾವ ತಪ್ಪು ಮಾಡಬೇಕು ಅಂತ ಆರಿಸಿಕೊಳ್ಳುವುದಷ್ಟೇ ಬಾಕಿ.

ಪಿವಟ್ ಕಾಲನ್ನು ಊರಿ ಇನ್ನೊಂದು ಕಾಲಲ್ಲಿ ಮೂರ್ನಾಲ್ಕು ಕಡೆ ತಿರುಗುವುದನ್ನು ನಾವು ಮಕ್ಕಳಿಗೆ ಮೊದಲ ವಾರವೇ ಹೇಳಿಕೊಡುತ್ತೇವೆ, ಆಮೇಲೆ ಎಲ್ಲರೂ ಮೂರು ಪಾಯಿಂಟ್ ಶಾಟ್ ಹಿಂದೆ ಬಿದ್ದು ಅದನ್ನು ಮರೆತೇಬಿಡುತ್ತಾರೆ, ಆದರೆ ಈ ಮನುಷ್ಯ ಅದೇ ಮೊದಲ ವಾರದ ಪಾಠವನ್ನು 41 ವರ್ಷದವರೆಗೂ ತಿದ್ದಿ ತೀಡಿ ಇಟ್ಟುಕೊಂಡು ತನಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರ ಮೇಲೆ ಪಾಯಿಂಟ್ ಗಳಿಸಿದ.

ಹೊಸದನ್ನು ಕಲಿಯಲಿಲ್ಲ ಅಂತಲೂ ಅಲ್ಲ. ಎನ್‌ಬಿಎಗೆ ಬಂದ ಮೇಲೆ ಎಷ್ಟೋ ವರ್ಷ ಅವನು ಮೂರು ಪಾಯಿಂಟ್ ಶಾಟ್ ಹೊಡೆದದ್ದೇ ಕಡಿಮೆ. 2015ರಲ್ಲಿ ಟೊರಾಂಟೊಗೆ ಹೋದಾಗ ವಯಸ್ಸು 35. ಆಟ ಬದಲಾಗಿತ್ತು, ದೊಡ್ಡ ಆಟಗಾರರೂ ಹೊರಗೆ ನಿಂತು ಶೂಟ್ ಮಾಡಬೇಕಿತ್ತು. ಆ ವರ್ಷ ಶೇ. 40ರ ಆಸುಪಾಸಿನಲ್ಲಿ ಹೊಡೆದ. ತಂಡ 56 ಪಂದ್ಯ ಗೆದ್ದು ಈಸ್ಟ್ ಫೈನಲ್ (ಎನ್‌ಬಿಎಯ ಪೂರ್ವ ವಿಭಾಗದ ಫೈನಲ್) ತಲುಪಿತು. 35ರಲ್ಲಿ ಶಾಟ್ ಬದಲಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಆಡಿದವರಿಗೇ ಗೊತ್ತು.

ಪಿಕ್_ಅಂಡ್_ರೋಲ್ ಬರೆದದ್ದು:

ಎಲ್ಲ ಸರಿ, ಆದರೆ ಸ್ವಲ್ಪ ಬೇರೆ ಮಾತನ್ನೂ ಹೇಳಬೇಕು. ಡಿಫೆನ್ಸ್‌ನಲ್ಲಿ ಸ್ಕೋಲಾಗೆ ಮಿತಿ ಇತ್ತು. ಶಾಟ್ ಬ್ಲಾಕ್ ಮಾಡುವಷ್ಟು ಜಿಗಿತ ಇರಲಿಲ್ಲ, ವೇಗದ ಗಾರ್ಡ್ ಎದುರು ಸಿಕ್ಕಿದರೆ ಕಾಲು ಸಾಲುತ್ತಿರಲಿಲ್ಲ. ಎನ್‌ಬಿಎಯಲ್ಲಿ ಆಲ್‌ಸ್ಟಾರ್ ಆಗದಿರುವುದಕ್ಕೆ ಇದೂ ಒಂದು ಕಾರಣ. ನಾಲ್ಕು ಎನ್‌ಬಿಎ ಚಾಂಪಿಯನ್‌ಶಿಪ್, ಒಂದು ಯುರೋಲೀಗ್, ಒಂದು ಒಲಿಂಪಿಕ್ ಚಿನ್ನ ಇರುವ ಜಿನೋಬಿಲಿ ಜೊತೆ ಒಂದೇ ಸಾಲಿನಲ್ಲಿ ಕೂರಿಸಿದರೆ ನಾನು ಒಪ್ಪುವುದಿಲ್ಲ. ಅಮೆರಿಕದ ಬಿಲ್ ಬ್ರಾಡ್ಲಿ ಬಿಟ್ಟರೆ ಆ ಮೂರನ್ನೂ ಗೆದ್ದವನು ಅವನೊಬ್ಬನೇ.

ಆದರೆ ಹ್ಯೂಸ್ಟನ್‌ನ ಐದು ವರ್ಷಗಳನ್ನು ಮಾತ್ರ ಯಾರೂ ಹಗುರವಾಗಿ ನೋಡಬಾರದು. ಮೊದಲ ವರ್ಷವೇ ಆ ತಂಡ ಸತತ 22 ಪಂದ್ಯ ಗೆದ್ದಿತು. ಆ ಓಟದ ನಡುವೆ, 2008ರ ಫೆಬ್ರವರಿಯಲ್ಲಿ, ತಂಡದ ಸೆಂಟರ್ ಯಾವೊ ಮಿಂಗ್ ಕಾಲಿನ ಮೂಳೆಯ ಗಾಯದಿಂದ ಸೀಸನ್‌ಗೇ ಹೊರಬಿದ್ದರು. ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಾಗ 40 ದಾಟಿದ ಮುಟೊಂಬೊ ಮತ್ತು ಹೊಸಬನಾದ ಸ್ಕೋಲಾ ಒಳಗಿನ ಭಾರ ಹೊತ್ತರು. ಆ ವರ್ಷದ ಆಲ್ ರೂಕಿ (ಅತ್ಯುತ್ತಮ ಹೊಸಬರ) ಮೊದಲ ತಂಡದಲ್ಲಿ ಹೆಸರು. 2010ರ ಮಾರ್ಚ್‌ನಲ್ಲಿ ನ್ಯೂಜೆರ್ಸಿ ನೆಟ್ಸ್ ಮೇಲೆ 44 ಪಾಯಿಂಟ್. 2010-11ರಲ್ಲಿ ಸರಾಸರಿ 18 ಪಾಯಿಂಟ್, 8 ರೀಬೌಂಡ್ ದಾಟಿತ್ತು. ಇದು ಬೆಂಚ್ ಆಟಗಾರನ ಲೆಕ್ಕ ಅಲ್ಲ.

ಬೇಸ್‌ಲೈನ್_ಹುಡುಗ ಬರೆದದ್ದು:

ತುಂಬಾ ಥ್ಯಾಂಕ್ಸ್, ಇಷ್ಟೆಲ್ಲ ಗೊತ್ತೇ ಇರಲಿಲ್ಲ. ಅಷ್ಟು ಚೆನ್ನಾಗಿ ಆಡುತ್ತಿದ್ದವನನ್ನು ಹ್ಯೂಸ್ಟನ್ ಯಾಕೆ ಬಿಟ್ಟಿತು? 2011ರ ಕ್ರಿಸ್ ಪಾಲ್ ಟ್ರೇಡ್ ಗಲಾಟೆಯಲ್ಲಿ ಇವನ ಹೆಸರೂ ಕಂಡಿತು, ಅದೇನು ಕಥೆ? ಮತ್ತೆ ರಾಷ್ಟ್ರೀಯ ತಂಡದ ಬಗ್ಗೆ ಯಾರೂ ಇನ್ನೂ ಹೇಳಲೇ ಇಲ್ಲ ಅಲ್ವಾ?

ಪಿಕ್_ಅಂಡ್_ರೋಲ್ ಬರೆದದ್ದು:

ಟ್ರೇಡ್ ವಿಷಯ ಚಿಕ್ಕದಾಗಿ. 2011ರ ಡಿಸೆಂಬರ್‌ನಲ್ಲಿ ಮೂರು ತಂಡಗಳ ಒಪ್ಪಂದ ಆಗಿತ್ತು. ಕ್ರಿಸ್ ಪಾಲ್ ಲೇಕರ್ಸ್‌ಗೆ, ಪಾವ್ ಗಸೋಲ್ ಹ್ಯೂಸ್ಟನ್‌ಗೆ, ಸ್ಕೋಲಾ ಮತ್ತು ಇನ್ನು ಕೆಲವರು ನ್ಯೂ ಆರ್ಲಿಯನ್ಸ್‌ಗೆ. ಆಗ ನ್ಯೂ ಆರ್ಲಿಯನ್ಸ್ ತಂಡದ ಒಡೆತನ ಎನ್‌ಬಿಎ ಕೈಯಲ್ಲೇ ಇತ್ತು. ಕಮಿಷನರ್ ಡೇವಿಡ್ ಸ್ಟರ್ನ್ ಒಪ್ಪಿಗೆ ಕೊಡಲಿಲ್ಲ, ಎಲ್ಲ ರದ್ದಾಯಿತು. ತನ್ನನ್ನು ಕಳಿಸಲು ತಯಾರಾಗಿದ್ದ ತಂಡಕ್ಕೇ ಸ್ಕೋಲಾ ಮತ್ತೆ ಒಂದು ಪೂರ್ತಿ ಸೀಸನ್ ಆಡಬೇಕಾಯಿತು. ತಕರಾರಿಲ್ಲದೆ ಆಡಿದ. 2012ರ ಬೇಸಿಗೆಯಲ್ಲಿ ಹ್ಯೂಸ್ಟನ್ ಅಮ್ನೆಸ್ಟಿ ನಿಯಮ ಬಳಸಿ ಬಿಟ್ಟುಬಿಟ್ಟಿತು. ಸಂಬಳ ಕೊಡಬೇಕು, ಆದರೆ ಅದು ಸ್ಯಾಲರಿ ಕ್ಯಾಪ್ (ತಂಡದ ಒಟ್ಟು ಸಂಬಳದ ಮಿತಿ) ಲೆಕ್ಕಕ್ಕೆ ಬರುವುದಿಲ್ಲ ಅನ್ನುವ ಆಗಿನ ನಿಯಮ ಅದು. ಅವರಿಗೆ ಹೊಸ ತಂಡ ಕಟ್ಟಲು ಜಾಗ ಬೇಕಿತ್ತು. ಬಿಡ್ ಮಾಡಿ ಫೀನಿಕ್ಸ್ ತೆಗೆದುಕೊಂಡಿತು. ಎಲ್ಲಿಗೆ ಹೋಗಬೇಕು ಅಂತ ಆಟಗಾರನನ್ನು ಯಾರೂ ಕೇಳುತ್ತಿರಲಿಲ್ಲ. ಮುಂದೆ ಇಂಡಿಯಾನಾ, ಟೊರಾಂಟೊ, ಬ್ರೂಕ್ಲಿನ್. ಇಂಡಿಯಾನಾದಲ್ಲಿ 2014ರ ಈಸ್ಟ್ ಫೈನಲ್‌ವರೆಗೆ ಬಂದ, ಮಯಾಮಿ ಎದುರು ಸೋಲು. 2017ರಲ್ಲಿ ಬ್ರೂಕ್ಲಿನ್ ಬಿಟ್ಟಾಗ ಎನ್‌ಬಿಎ ಅಧ್ಯಾಯ ಮುಗಿಯಿತು.

ನೀಲಿಬಿಳಿ_ಅಭಿಮಾನಿ ಬರೆದದ್ದು:

ರಾಷ್ಟ್ರೀಯ ತಂಡದ ಮಾತು ಬಂತಲ್ಲ, ಇನ್ನು ನಾನು ಸುಮ್ಮನಿರಲು ಆಗುವುದಿಲ್ಲ. ಸ್ಕೋಲಾ ಅಂದರೆ ಅದೇ. ಉಳಿದದ್ದೆಲ್ಲ ಅದರ ಸುತ್ತ.

ಐದು ಒಲಿಂಪಿಕ್ಸ್: 2004, 2008, 2012, 2016, 2020. ಐದು ವಿಶ್ವಕಪ್: 2002, 2006, 2010, 2014, 2019. ವಿಶ್ವಕಪ್ ಇತಿಹಾಸದಲ್ಲಿ ಇವನಿಗಿಂತ ಜಾಸ್ತಿ ಪಾಯಿಂಟ್ ಗಳಿಸಿದವನು ಬ್ರೆಜಿಲ್‌ನ ಆಸ್ಕರ್ ಶ್ಮಿಟ್ ಒಬ್ಬನೇ.

2002ರ ಇಂಡಿಯಾನಾಪೊಲಿಸ್ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ 87-80ರಲ್ಲಿ ಅಮೆರಿಕವನ್ನು ಸೋಲಿಸಿತು. ಎನ್‌ಬಿಎ ಆಟಗಾರರಿದ್ದ ಅಮೆರಿಕ ತಂಡ ಸೋತದ್ದು ಅದೇ ಮೊದಲು, ಅದೂ ಅವರ ನೆಲದಲ್ಲೇ. ಎರಡು ವರ್ಷ ಬಿಟ್ಟು ಅಥೆನ್ಸ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಅಮೆರಿಕ, 89-81. ಫೈನಲ್‌ನಲ್ಲಿ ಇಟಲಿ ಎದುರು 84-69, ಆ ದಿನ ಸ್ಕೋಲಾ 25 ಪಾಯಿಂಟ್. ವಯಸ್ಸು 24. ಅರ್ಜೆಂಟೀನಾಗೆ ಯಾವ ಕ್ರೀಡೆಯಲ್ಲೂ 52 ವರ್ಷದಿಂದ ಒಲಿಂಪಿಕ್ ಚಿನ್ನ ಬಂದಿರಲಿಲ್ಲ. ಅದೇ ದಿನ ಫುಟ್‌ಬಾಲ್‌ನಲ್ಲೂ ಚಿನ್ನ. ಒಂದೇ ದಿನ ಎರಡು.

ಆಮೇಲೆ ಏನಾಯಿತು ನೋಡಿ. ಜಿನೋಬಿಲಿ, ಒಬೆರ್ಟೊ, ನೊಸಿಯೋನಿ ಒಬ್ಬೊಬ್ಬರೂ ಒಂದೊಂದು ಬೇಸಿಗೆ ಗಾಯ, ದಣಿವು ಅಂತ ತಪ್ಪಿಸಿಕೊಳ್ಳಲೇಬೇಕಾಯಿತು, ಅದು ಅವರ ತಪ್ಪಲ್ಲ. ಸ್ಕೋಲಾ ಮಾತ್ರ ಬರುತ್ತಲೇ ಇದ್ದ. 2007ರಲ್ಲಿ ಲಾಸ್ ವೇಗಸ್‌ನ ಅಮೆರಿಕಾಸ್ ಟೂರ್ನಿಗೆ ದೊಡ್ಡ ಹೆಸರುಗಳು ಬರಲಿಲ್ಲ. ಈತ ಉಳಿದವರನ್ನು ಕಟ್ಟಿಕೊಂಡು ಫೈನಲ್‌ಗೆ ಹೋದ, ಬೀಜಿಂಗ್ ಒಲಿಂಪಿಕ್ಸ್ ಟಿಕೆಟ್ ಸಿಕ್ಕಿತು, ಅಲ್ಲಿ ಕಂಚು ಬಂತು. ಅಮೆರಿಕಾಸ್ ಟೂರ್ನಿಯಲ್ಲಿ 2007, 2009, 2011, 2015ರಲ್ಲಿ ನಾಲ್ಕು ಸಲ ಎಂವಿಪಿ. ಅಂಥ ಟೂರ್ನಿಗಳನ್ನು ಅಮೆರಿಕದಲ್ಲಿ ಯಾರೂ ಟಿವಿ ಹಾಕಿ ನೋಡುವುದಿಲ್ಲ. ಆದರೆ ಆಗ ಒಲಿಂಪಿಕ್ಸ್‌ಗೆ ದಾರಿ ಅಲ್ಲಿಂದಲೇ ಇತ್ತು.

2014ರಲ್ಲಿ ಅರ್ಜೆಂಟೀನಾದ ಬಾಸ್ಕೆಟ್‌ಬಾಲ್ ಫೆಡರೇಶನ್‌ನಲ್ಲಿ ಹಣಕಾಸಿನ ಅವ್ಯವಸ್ಥೆ ಮಿತಿ ಮೀರಿತ್ತು. ಆಟಗಾರರು ಒಟ್ಟಾಗಿ ಬಹಿರಂಗವಾಗಿ ಮಾತಾಡಿದರು. ಮುಂದೆ ನಿಂತವನು ಕ್ಯಾಪ್ಟನ್ ಸ್ಕೋಲಾ. ಆಡಳಿತ ಬದಲಾಯಿತು. ಆ ಧೈರ್ಯ ನನಗೆ 25 ಪಾಯಿಂಟ್‌ಗಿಂತ ದೊಡ್ಡದು. 2016ರಲ್ಲಿ ರಿಯೊದಲ್ಲಿ ದೇಶದ ಧ್ವಜ ಹಿಡಿದು ಮುಂದೆ ನಡೆದವನೂ ಅವನೇ.

ಈಗ 2019. ಚೀನಾದಲ್ಲಿ ವಿಶ್ವಕಪ್. ಅಥೆನ್ಸ್ ತಂಡದಿಂದ ಉಳಿದವನು ಇವನೊಬ್ಬನೇ, ವಯಸ್ಸು 39. ಅದಕ್ಕೆ ಮೊದಲು ಎರಡು ವರ್ಷ ಚೀನಾದ ಲೀಗ್‌ನಲ್ಲೇ ಆಡುತ್ತಿದ್ದ. ಪಕ್ಕದಲ್ಲಿ ಕಂಪಾಸ್ಸೊ, ಡೆಕ್, ಲಾಪ್ರೊವಿಟ್ಟೊಲಾ, ಎಲ್ಲ ಅವನಿಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು. ಅರ್ಜೆಂಟೀನಾ ಸೆಮಿಫೈನಲ್ ಮುಟ್ಟುತ್ತದೆ ಅಂತ ಹೇಳಿದವರೇ ಕಡಿಮೆ. ಕ್ವಾರ್ಟರ್ ಫೈನಲ್‌ನಲ್ಲಿ ಯೊಕಿಚ್ ಇದ್ದ ಸರ್ಬಿಯಾವನ್ನು 97-87ರಲ್ಲಿ ಹೊಡೆದರು. ಸೆಮಿಯಲ್ಲಿ ಅಮೆರಿಕವನ್ನು ಸೋಲಿಸಿ ಬಂದಿದ್ದ ಫ್ರಾನ್ಸ್. ರೂಡಿ ಗೊಬೇರ್ ಆಗ ಎನ್‌ಬಿಎಯ ಅತ್ಯುತ್ತಮ ಡಿಫೆಂಡರ್. ಸ್ಕೋಲಾ ಅವನನ್ನು ಬಾಸ್ಕೆಟ್‌ನಿಂದ ಹೊರಗೆ ಎಳೆದು ಎಳೆದು ಆಡಿಸಿದ. 28 ಪಾಯಿಂಟ್, 13 ರೀಬೌಂಡ್. 80-66. ಫೈನಲ್‌ನಲ್ಲಿ ಸ್ಪೇನ್ ಮುಂದೆ ನಿಲ್ಲಲಾಗಲಿಲ್ಲ, 95-75. ಆದರೂ ಟೂರ್ನಿಯ ಅತ್ಯುತ್ತಮ ಐವರಲ್ಲಿ 39ರ ಸ್ಕೋಲಾ ಇದ್ದ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಟೋಕಿಯೊ ಒಂದು ವರ್ಷ ಮುಂದಕ್ಕೆ ಹೋಯಿತು. ಕಾಯಬೇಕಾದರೆ ಆಡುತ್ತಲೇ ಇರಬೇಕು, ಅದಕ್ಕೆ ಇಟಲಿಯಲ್ಲಿ ಮೊದಲು ಮಿಲಾನ್, ಆಮೇಲೆ ವಾರೆಸೆ ಅನ್ನುವ ಸಣ್ಣ ಊರಿನ ತಂಡ. ಕಂಪಾಸ್ಸೊ ಹಾಗೂ ಉಳಿದ ಹುಡುಗರ ಜೊತೆ ಮತ್ತೊಂದು ಒಲಿಂಪಿಕ್ಸ್. ನೀವು ನೋಡಿದ ಕ್ಲಿಪ್ 2021ರ ಆಗಸ್ಟ್ 3ರದ್ದು, ಜಾಗ ಸೈತಾಮಾ ಸೂಪರ್ ಅರೀನಾ. 2006ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಸ್ಪೇನ್ ಎದುರು 75-74ರಲ್ಲಿ ಸೋತಿದ್ದೂ ಅದೇ ಅಂಗಳದಲ್ಲಿ. ಕೊನೆ ಕ್ಷಣದಲ್ಲಿ ಮೂಲೆಯಿಂದ ನೊಸಿಯೋನಿ ಹೊಡೆದ ಶಾಟ್ ರಿಂಗ್‌ಗೆ ಬಡಿದು ಆಚೆ ಹೋಗಿತ್ತು.

ಎದ್ದು ನಿಂತ ಆಸ್ಟ್ರೇಲಿಯಾದವರಲ್ಲಿ ಪ್ಯಾಟಿ ಮಿಲ್ಸ್, ಜೋ ಇಂಗಲ್ಸ್ ತರಹದವರು ವರ್ಷಗಟ್ಟಲೆ ಇವನ ಎದುರು ಆಡಿದವರು. ಅವರು ಗೌರವ ಕೊಟ್ಟದ್ದು ಆ ದಿನದ ಸ್ಕೋರ್ ನೋಡಿ ಅಲ್ಲ. ಪ್ರತಿ ಬೇಸಿಗೆಯೂ ದೇಶದ ಜೆರ್ಸಿ ಹಾಕಿಕೊಂಡು ಬರುತ್ತಿದ್ದ ಒಬ್ಬನನ್ನು ಅವರು ಹತ್ತಿರದಿಂದ ನೋಡಿದ್ದರು.

ಪಿಕ್_ಅಂಡ್_ರೋಲ್ ಬರೆದದ್ದು:

2019ರ ಫ್ರಾನ್ಸ್ ಪಂದ್ಯಕ್ಕೆ ನನ್ನ ತಕರಾರಿಲ್ಲ. ಕ್ಲಬ್ ಆಟಗಾರನಾಗಿ ಜಿನೋಬಿಲಿ ಮೇಲೆ, ರಾಷ್ಟ್ರೀಯ ತಂಡದಲ್ಲಿ ಮಾತ್ರ ಸ್ಕೋಲಾಗೆ ಮೊದಲ ಸ್ಥಾನ ಕೊಟ್ಟರೆ ನಾನು ಸಹಿ ಹಾಕುತ್ತೇನೆ.

ಬೇಸ್‌ಲೈನ್_ಹುಡುಗ ಬರೆದದ್ದು:

ಕೇಳಿದ್ದಕ್ಕೆ ಸಾರ್ಥಕ ಆಯಿತು. ಈಗ ಒಂದೇ ಒಂದು ಪೂರ್ತಿ ಪಂದ್ಯ ನೋಡಬೇಕು ಅಂದರೆ ಯಾವುದು? ಹೈಲೈಟ್ಸ್ ಬೇಡ. ಮತ್ತೆ ಈಗ ಏನು ಮಾಡುತ್ತಿದ್ದಾನೆ?

ಹಳೇ_ಸೆಂಟರ್ ಬರೆದದ್ದು:

2010ರ ವಿಶ್ವಕಪ್, ಇಸ್ತಾನ್‌ಬುಲ್, ಪ್ರೀ ಕ್ವಾರ್ಟರ್ ಫೈನಲ್, ಬ್ರೆಜಿಲ್ ಎದುರು. ಜಿನೋಬಿಲಿ ಇಲ್ಲ, ನೊಸಿಯೋನಿಯೂ ಇಲ್ಲ. ಬ್ರೆಜಿಲ್ ಕೋಚ್ ರೂಬೆನ್ ಮಗ್ನಾನೊ, ಅಂದರೆ ಅಥೆನ್ಸ್‌ನಲ್ಲಿ ಅರ್ಜೆಂಟೀನಾಗೆ ಚಿನ್ನ ಗೆದ್ದುಕೊಟ್ಟವರೇ. ಒಳಗೆ ಕಾಯುತ್ತಿದ್ದ ಸ್ಪ್ಲಿಟರ್ ವಿಟೋರಿಯಾದಲ್ಲಿ ಸ್ಕೋಲಾ ಜೊತೆ ಆಡಿದವನು. ಸ್ಕೋಲಾ ಏನು ಮಾಡುತ್ತಾರೆ ಅಂತ ಇಬ್ಬರಿಗೂ ಗೊತ್ತು. ಆದರೂ 37 ಪಾಯಿಂಟ್. ಆ ಕಡೆ ಹುಯೆರ್ತಾಸ್ 32 ಹೊಡೆದ. ಕೊನೆಗೆ 93-89, ಅರ್ಜೆಂಟೀನಾ. ಆ ಟೂರ್ನಿಯಲ್ಲಿ ಅತಿ ಹೆಚ್ಚು ಸರಾಸರಿ ಸ್ಕೋಲಾದೇ, ಪಂದ್ಯಕ್ಕೆ 27 ಪಾಯಿಂಟ್. ನಾಲ್ಕನೇ ಕ್ವಾರ್ಟರ್‌ನ್ನು ಮಾತ್ರ ನಿಲ್ಲಿಸದೆ ನೋಡಿ.

ನಿವೃತ್ತಿ ಆದ ಮೇಲೆ ವಾರೆಸೆ ಕ್ಲಬ್‌ನಲ್ಲೇ ಉಳಿದರು, ಆದರೆ ಆಡಳಿತದ ಕಡೆ. ಹಿಂದಿನ ಸೀಸನ್‌ನಲ್ಲಿ ಪಾಯಿಂಟ್ ಹೊಡೆದುಕೊಟ್ಟ ತಂಡಕ್ಕೆ ಮುಂದೆ ಸಿಇಒ ಆದರು.

ಕೋಚ್_ಮಾಮ ಬರೆದದ್ದು:

ಪಂದ್ಯ ನೋಡುವಾಗ ಒಂದು ಕೆಲಸ ಮಾಡಿ. ಚೆಂಡನ್ನು ನೋಡಬೇಡಿ, ಸ್ಕೋಲಾನ ಸೊಂಟದಿಂದ ಕೆಳಗೆ ಮಾತ್ರ ನೋಡಿ. ಶಾಟ್ ಬಿದ್ದ ಮೇಲೆ ಹಿಂದಕ್ಕೆ ಓಡಿಸಿ ಪಿವಟ್ ಕಾಲು ಯಾವುದು ಅಂತ ಹುಡುಕಿ. ನಿಮ್ಮ ಆಟದಲ್ಲಿ ಪೋಸ್ಟ್‌ನಲ್ಲಿ ನಿಲ್ಲುವವರು ಯಾರಾದರೂ ಇದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಏನು ಕಂಡಿತು ಅಂತ ಇಲ್ಲೇ ಬರೆಯಿರಿ, ಹಂತ ಹಂತವಾಗಿ ಮಾತಾಡೋಣ.